ಕಲ್ಲಿನವನ ಉಸಿರು

ಕಲ್ಲಿನವನನ್ನ ಸಾಯಿಸಬಾರದಿತ್ತು ಕಣೇ, ಎನ್ನುತ್ತಾ ಹಸಿರು ಸ್ವೆಟರಿನ ಹೆಂಗಸು ತ್ರೀಡಿ ಕನ್ನಡಕವನ್ನು ನನ್ನ ಟ್ರೇಗೆ ಹಾಕುತ್ತಾಳೆ, ನನ್ನ ಮುಖ ನೋಡುವುದಿಲ್ಲ, ಯಾರೂ ನೋಡುವುದಿಲ್ಲ, ಕತ್ತಲಿನಿಂದ ಬೆಳಕಿಗೆ ಬಂದವರಿಗೆ ಮೊದಲು ಕಾಣುವುದು ಟ್ರೇ, ಆಮೇಲೆ ಮೆಟ್ಟಿಲು, ಎರಡರ ನಡುವೆ ನಾನೊಬ್ಬಳು ನಿಂತಿದ್ದೇನೆಂದು ಹೊಳೆಯುವಷ್ಟರಲ್ಲಿ ಅವರು ಕೆಳಗಿಳಿದಿರುತ್ತಾರೆ, ಅದೇ ಒಳ್ಳೆಯದು, ಕದ್ದು ಕೇಳುವವರಿಗೆ ಮುಖ ಇದ್ದರೆ ಕೆಲಸ ಕೆಟ್ಟಿತು — ಸಾಯದೆ ಇದ್ರೆ ಎರಡನೇ ಭಾಗಕ್ಕೆ ಜನ ಹೇಗೆ ಬರ್ತಾರೆ, ಅವಳ ಗೆಳತಿ ಹೇಳುತ್ತಾಳೆ, ನೋಡ್ತಿರು, ಪುಡಿಯಾದ ಕಲ್ಲೆಲ್ಲ ಸೇರ್ಕೊಂಡು ಎದ್ದು ಬರ್ತಾನೆ — ಬರಲಿ ತಾಯಿ, ಬಂದರೆ ಅವನ ಬಾಯಿಗೆ ಯಾರ ದನಿ ಹಾಕುತ್ತಾರೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ, ಅವಳ ಹಿಂದೆಯೇ ಗಂಡಹೆಂಡಿರು, ಅವನಿಗೆ ಯುದ್ಧ ಸಾಲದಂತೆ, ಅವಳಿಗೆ ಯುದ್ಧ ಜಾಸ್ತಿಯಾಯಿತಂತೆ, ಅಷ್ಟು ಹಿಮ ಬೀಳ್ತಿದೆ, ಆ ರಾಜಕುಮಾರಿಗೆ ಒಂದು ಶಾಲು ಕೊಡೋರು ಗತಿಯಿಲ್ವಾ ಆ ರಾಜ್ಯದಲ್ಲಿ, ಎನ್ನುತ್ತಾಳೆ, ನಾನು ಒಳಗೊಳಗೇ ನಗುತ್ತೇನೆ, ಒಬ್ಬ ದಪ್ಪ ಮನುಷ್ಯ ಆಕಳಿಸುತ್ತಾ, ಮೊದಲರ್ಧ ಚೆನ್ನಾಗಿತ್ತಪ್ಪ, ಏನಾಗಿತ್ತು ಮೊದಲರ್ಧದಲ್ಲಿ ಎಂದು ಜೊತೆಯವನು ಕೇಳಿದರೆ, ಯಾರಿಗೆ ಗೊತ್ತು, ಎಸಿ ಚೆನ್ನಾಗಿತ್ತು — ಅವನ ಕನ್ನಡಕದ ಕಡ್ಡಿ ಇನ್ನೂ ಮಡಚಿದ್ದು ಮಡಚಿದಂತೆಯೇ ಇದೆ, ಬಿಚ್ಚಿಯೇ ಇಲ್ಲ ಪುಣ್ಯಾತ್ಮ — ಕೊನೆಗೆ ಒಬ್ಬ ಮುದುಕಪ್ಪ, ಕೋಲು ಒಂದು ಕೈಯಲ್ಲಿ, ಮೊಮ್ಮಗಳ ತೋಳು ಇನ್ನೊಂದು ಕೈಯಲ್ಲಿ, ನಮ್ಮ ಕಾಲದಲ್ಲಿ ರಾಕ್ಷಸ ಅಂದ್ರೆ ಮೇಲೆ ಕಟ್ಟಿದ ಹಗ್ಗ ಕಾಣ್ತಿತ್ತು, ಆದ್ರೂ ಹೆದರ್ಕೊತಿದ್ವಿ, ಈಗ ಹಗ್ಗಾನೂ ಇಲ್ಲ ಹೆದರಿಕೇನೂ ಇಲ್ಲ, ಎಂದು ಟ್ರೇಗೆ ತಮ್ಮ ಓದುವ ಕನ್ನಡಕ ಹಾಕಿ ನಮ್ಮದನ್ನು ಹಾಕಿಕೊಂಡೇ ಹೊರಟರು, ತಾತಾ, ತಾತಾ, ಎಂದು ನಾನೇ ಓಡಿ ಹೋಗಿ ಬದಲಾಯಿಸಿಕೊಂಡು ಬಂದೆ, ಅದಕ್ಕೇ ಲೋಕ ಇಷ್ಟು ಕಪ್ಪಗೆ ಕಾಣ್ತಿತ್ತಾ ಅಂದೆ, ಎಂದರು.

ಇಷ್ಟೆಲ್ಲ ಕೇಳಿಸಿಕೊಂಡೆ, ಬೇಕಾದದ್ದು ಬರಲಿಲ್ಲ, ಬಾರದಿದ್ದರೇ ನೆಮ್ಮದಿ ಎನ್ನುವುದೂ ಉಂಟು, ನೆಮ್ಮದಿಯೋ ನಿರಾಸೆಯೋ ನನಗೇ ತಿಳಿಯದು, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಹಿಂದಿನ ಕೋಣೆಗೆ ತಂದು ತೊಟ್ಟಿಯ ಬೆಚ್ಚಗಿನ ನೀರಿಗೆ ಸುರಿಯುತ್ತೇನೆ, ಕನ್ನಡಕಗಳು ಅಂಗಾತ ಬಿದ್ದ ಜೀರುಂಡೆಗಳ ಹಾಗೆ ಕಾಲು ಮೇಲೆ ಮಾಡಿ ತೇಲುತ್ತವೆ, ಹೊರಗಡೆಯ ಗಾಜಿನಲ್ಲಿ ಬೆಣ್ಣೆ ಹತ್ತಿದ ಬೆರಳು, ಪಾಪ್‌ಕಾರ್ನಿನದು, ಒಳಗಡೆಯ ಗಾಜಿನಲ್ಲಿ ರೆಪ್ಪೆ ತಾಗಿದ ಗೀರು, ಮೂಗಿನ ಎಣ್ಣೆ, ಒಮ್ಮೊಮ್ಮೆ ಒಣಗಿದ ಕಣ್ಣೀರಿನ ಬಿಳಿ ಕಲೆ, ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿದರೆ ಎಲ್ಲ ಸ್ವಚ್ಛ, ಆದರೆ ಬೆಳಕೂ ಸುಳ್ಳು ಹೇಳುತ್ತದೆ, ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟರೆ ಆಗ ಗೊತ್ತಾಗುವುದು, ಗಾಜಿನ ಮೇಲೆ ಹಬೆ ಕೂರುತ್ತದೆ, ಹಬೆಯೊಳಗಿಂದ ಯಾರದೋ ಹೆಬ್ಬೆರಳು ಎದ್ದು ಬರುತ್ತದೆ, ಗೆರೆ ಗೆರೆ ಸಮೇತ, ಆಮೇಲೆ ಹಬೆ ಅಂಚಿನಿಂದ ಒಳಗೆ ಕುಗ್ಗುತ್ತಾ ಕುಗ್ಗುತ್ತಾ ಇಲ್ಲವಾಗುತ್ತದೆ — ಮ್ಯಾನೇಜರಿಗೆ ಇದು ಆಗದು, ಬಾಯಿಯ ಗಾಳಿ ಬಿಡಬೇಡಿ ಅಮ್ಮಾ, ಸ್ಪ್ರೇ ಇದೆಯಲ್ಲ, ಎನ್ನುತ್ತಾರೆ, ಅವರು ಹೇಳುವುದು ಸರಿ, ಹಾಗಾಗಿ ಉಸಿರು ಬಿಟ್ಟದ್ದನ್ನು ಮತ್ತೆ ತೊಳೆಯುತ್ತೇನೆ, ಎರಡು ಪಟ್ಟು ಕೆಲಸ, ಆದರೂ ಬಿಡಲಾಗದು, ಉಸಿರು ಕಂಡಲ್ಲದೆ ನನಗೆ ಯಾವುದರ ಮೇಲೂ ನಂಬಿಕೆ ಬರುವುದಿಲ್ಲ, ಆಸ್ಪತ್ರೆಯಲ್ಲೂ ಹಾಗೇ ಆಯಿತಲ್ಲ, ನಮ್ಮವರನ್ನು ಆಪರೇಷನ್ ಕೋಣೆಯಿಂದ ಹೊರಗೆ ತಂದು ಮಲಗಿಸಿದಾಗ ಮುಖ ಮೇಣದ ಹಾಗಿತ್ತು, ಕತ್ತಿನ ತುಂಬ ಬಟ್ಟೆ, ಪಕ್ಕದಲ್ಲಿ ಯಂತ್ರ ಏನೇನೋ ಗೆರೆ ಎಳೆಯುತ್ತಿತ್ತು, ನಾನು ನನ್ನ ಕನ್ನಡಕ ತೆಗೆದು ಇವರ ತುಟಿಯ ಹತ್ತಿರ ಹಿಡಿದೆ, ನರ್ಸಮ್ಮ ಬಂದು, ಏನಮ್ಮಾ ಇದು, ಮೆಷಿನ್ ತೋರಿಸ್ತಿದೆಯಲ್ಲ, ಎಂದಳು, ನಿಮ್ಮ ಮೆಷಿನ್ ನನಗೆ ಓದೋಕೆ ಬರಲ್ಲ ಕಣಮ್ಮಾ, ಇದು ಬರುತ್ತೆ, ಎಂದೆ, ಗಾಜಿನ ಮೇಲೆ ಹಬೆ ಕೂತಿತು, ಕುಗ್ಗಿತು, ಮತ್ತೆ ಕೂತಿತು, ಅವಳೂ ನನ್ನ ಜೊತೆ ಬಗ್ಗಿ ನೋಡಿದಳು.

ನಮ್ಮವರ ಕೆಲಸ ದನಿ ಕೊಡುವುದು, ಬೇರೆ ಭಾಷೆಯ ಸಿನಿಮಾದವರ ಬಾಯಿ ಅಲ್ಲಾಡುವುದಕ್ಕೆ ಸರಿಯಾಗಿ ನಮ್ಮ ಮಾತು ಕೂರಿಸುವುದು, ಕೂರಿಸುವುದೇನು, ವರ್ಷಗಟ್ಟಲೆ ಗುಂಪಿನಲ್ಲಿ ಗೋವಿಂದ, ಬಾಗಿಲು ಕಾಯುವವನು ಇವರೇ, ಬಾಗಿಲು ಒಡೆದು ಬರುವವನೂ ಇವರೇ, ಬಾಣ ತಾಗಿ ಅಯ್ಯೋ ಎನ್ನುವವನೂ ಇವರೇ, ಒಂದು ಸಿನಿಮಾದಲ್ಲಿ ಇವರೇ ಇವರನ್ನು ಕೊಂದು ಇವರೇ ಅತ್ತಿದ್ದುಂಟು, ಮನೆಯಲ್ಲಿ ಬಚ್ಚಲಿಂದ ಟವಲ್ ಕೇಳುವುದೂ ಕೋಟೆ ಕಾಯುವವನ ಗಂಟಲಲ್ಲೇ, ಯಾರಲ್ಲಿ, ಟವಲ್ ತನ್ನಿ, ನಾನು, ಮಹಾಪ್ರಭು, ಟವಲ್ ಬಾಗಿಲ ಮೇಲೇ ಇದೆ, ಕಣ್ಣು ಬಿಟ್ಟು ನೋಡ್ರಿ, ಎನ್ನುತ್ತಿದ್ದೆ, ಆಗ ಅದು ಸಂಸಾರದ ಗದ್ದಲ ಅನ್ನಿಸುತ್ತಿತ್ತು, ಈಗ ಬಚ್ಚಲಲ್ಲಿ ನೀರಿನ ಸದ್ದು ಮಾತ್ರ, ಟವಲ್ ಬೇಕಾದರೆ ಬಕೆಟ್ಟಿಗೆ ಚೊಂಬು ತಟ್ಟುತ್ತಾರೆ — ಆ ಇವರಿಗೆ ಕೊನೆಗೂ ಒಂದು ಹೆಸರಿರುವ ಪಾತ್ರ ಸಿಕ್ಕಿತು, ಹೆಸರೆಂದರೆ ಏನು, ಕಲ್ಲಿನವನು, ಎರಡು ಬೆಟ್ಟಗಳ ನಡುವೆ ಕಂದರದ ಮೇಲೆ ಬೋರಲು ಮಲಗಿ ತಾನೇ ಸೇತುವೆಯಾಗಿರುವ ದೈತ್ಯ, ಸಿನಿಮಾ ಪೂರ್ತಿ ಎಲ್ಲರೂ ಅವನ ಬೆನ್ನ ಮೇಲೆ ಓಡಾಡುತ್ತಾರೆ, ಮಾತು ಬೆರಳೆಣಿಕೆ, ಕೊನೆಯಲ್ಲಿ ಊರವರೆಲ್ಲ ಓಡಿ ಬರುವಾಗ ಅವನ ಬೆರಳು ಬಂಡೆಯಿಂದ ಜಾರುತ್ತಿರುತ್ತದೆ, ಆಗ ಹೇಳುತ್ತಾನೆ, ದಾಟಿ ಹೋಗಿ, ನಾನು ಹಿಡ್ಕೊಂಡಿದ್ದೀನಿ — ಅಷ್ಟೇ, ಅದೊಂದು ಮಾತಿಗೆ ಇವರು ಮನೆಯಲ್ಲಿ ಎಷ್ಟು ಸಲ ಹಾಸಿಗೆಯ ಮೇಲೆ ಬೋರಲು ಬಿದ್ದರೋ, ಬೆನ್ನ ಮೇಲೆ ಕೂತ್ಕೋ, ಭಾರ ಇದ್ರೆ ದನಿ ಬರುತ್ತೆ, ಎಂದು ನನ್ನನ್ನೇ ಕೂರಿಸಿಕೊಂಡರು, ಈ ವಯಸ್ಸಲ್ಲಿ ಯಾರಾದ್ರೂ ನೋಡಿದ್ರೆ ಏನಂದ್ಕೊತಾರೆ, ಎಂದೆ, ಸೇತುವೆ ಮೇಲೆ ಹೆಂಗಸೊಬ್ಬಳು ಕೂತವ್ಳೆ ಅಂದ್ಕೊತಾರೆ, ಎಂದರು. ರೆಕಾರ್ಡಿಂಗಿನ ದಿನ ಗಂಟಲು ಆಗಲೇ ಕೈಕೊಟ್ಟಿತ್ತು, ಒಳಗೆ ಗಂಟು ಬೆಳೆದಿತ್ತೆಂದು ಆಮೇಲೆ ಗೊತ್ತಾದದ್ದು, ಆ ಕೊನೆಯ ಮಾತಿಗೆ ಮುಂಚೆ ಇವರು ಉಸಿರು ಸಾಲದೆ ದೊಡ್ಡದಾಗಿ ಎಳೆದುಕೊಂಡರು, ಮೈಕಿಗೆ ಕೇಳುವ ಹಾಗೆ, ಕಲ್ಲು ಉಸಿರಾಡಬಾರದು, ಮೂಲ ಭಾಷೆಯಲ್ಲಿ ದನಿ ಕೊಟ್ಟವನು ಉಸಿರೇ ಇಲ್ಲದೆ ಹೇಳಿದ್ದಾನೆ, ಅದೇ ಆ ಪಾತ್ರದ ಗುಟ್ಟು, ಇನ್ನೊಂದು ಟೇಕ್ ಕೊಡ್ತೀನಿ ಎಂದರೆ ರೆಕಾರ್ಡಿಂಗಿನವನು, ಬಿಡಿ ಅಣ್ಣಾ, ಗಂಟಲು ನೋಯಿಸ್ಕೋಬೇಡಿ, ಉಸಿರು ನಾನು ಕತ್ತರಿಸ್ತೀನಿ, ಎಂದ, ಪ್ರೀತಿಯಿಂದಲೇ ಅಂದ, ಕತ್ತರಿಸುವುದು ಮರೆತ, ಅಷ್ಟರಲ್ಲಿ ಡಾಕ್ಟರು ಇವರ ಗಂಟಲಿಂದ ಬೇರೆಯೇ ಏನನ್ನೋ ಕತ್ತರಿಸಿದರು, ಗಂಟು ಹೋಯಿತು, ಅದರ ಜೊತೆ ದನಿ ಹೋಯಿತು, ಉಳಿದದ್ದು ಪಿಸುಗುಡುವ ಗಾಳಿ, ಸಿನಿಮಾ ಬಂತು, ಉಸಿರು ಅದರಲ್ಲೇ ಉಳಿಯಿತು. ಇವರ ಎದೆಯಲ್ಲೂ ಉಳಿಯಿತು. ಇಷ್ಟು ವರ್ಷಕ್ಕೊಂದು ಪಾತ್ರ, ಅದೂ ಕೊನೇದು, ಅದ್ರಲ್ಲೂ ತಪ್ಪು, ಎಂದು ಪಿಸುಗುಡುತ್ತಾರೆ.

ಅದಕ್ಕೇ ನಾನು ಬಾಗಿಲಲ್ಲಿ ಕಿವಿ ತೆರೆದು ನಿಲ್ಲುವುದು, ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಇವರ ಹುಬ್ಬು ಮೇಲೇಳುತ್ತದೆ, ಯಾರಾದ್ರೂ ಏನಾದ್ರೂ ಅಂದ್ರಾ, ಉಸಿರಿನ ವಿಚಾರ, ಎಂದು ಅರ್ಥ, ಯಾರೂ ಅನ್ನಲಿಲ್ಲ ಎಂದರೆ ಸಮಾಧಾನವಾಗಬೇಕು, ಆಗುವುದಿಲ್ಲ, ಹಾಗಾದ್ರೆ ಕಲ್ಲಿನವನ ಬಗ್ಗೆ ಏನಂದ್ರು, ಎಂದು ಕೈ ತಿರುಗಿಸುತ್ತಾರೆ, ನಿಜ ಹೇಳಬೇಕೆಂದರೆ ಜನ ಕಲ್ಲಿನವನ ದನಿಯ ಬಗ್ಗೆ ಚಕಾರ ಎತ್ತುವುದಿಲ್ಲ, ರಾಜಕುಮಾರಿಯ ಕೂದಲು, ಎರಡು ತಲೆಯ ತೋಳ, ಮುಂದಿನ ವಾರದ ಹಾರುವ ಹಡಗಿನ ಸಿನಿಮಾ ಇದಕ್ಕಿಂತ ಚೆನ್ನಾಗಿರುತ್ತಾ, ಹೋದ ತಿಂಗಳ ಕಡಲೊಳಗಿನ ಅರಮನೆಯದು ಇದಕ್ಕಿಂತ ಚೆನ್ನಾಗಿತ್ತಾ, ಅದರಲ್ಲಿ ನೀರೊಳಗೆ ದೀಪ ಹೇಗೆ ಉರೀತಿತ್ತು, ಅಯ್ಯೋ ಮೀನು ಮಾತಾಡೋದನ್ನ ಒಪ್ಪಿಕೊಂಡೆ, ದೀಪ ಉರಿಯೋದು ಒಪ್ಪಲ್ವಾ, ಇದೇ ಚರ್ಚೆ, ನನಗೆ ಕೇಳಲು ಎಷ್ಟು ಚೆಂದ, ಒಬ್ಬೊಬ್ಬರೂ ಬೇರೆ ಬೇರೆ ಸಿನಿಮಾ ನೋಡಿ ಬಂದವರ ಹಾಗೆ ಮಾತಾಡುತ್ತಾರೆ, ಆ ಚೂರುಗಳನ್ನೇ ಹೊಲಿದು ನಾನು ತಲೆಯೊಳಗೆ ಒಂದು ಸಿನಿಮಾ ಮಾಡಿಕೊಂಡಿದ್ದೇನೆ, ಒಳಗೆ ಹೋಗಿ ನೋಡಿಲ್ಲ, ಪಾಪ್‌ಕಾರ್ನಿನ ಅಕ್ಕ ಎಷ್ಟೋ ಸಲ ಕರೆದಳು, ನಿನ್ ಗಂಡನದೇ ಪಾತ್ರ ಅಂತೀಯ, ಹೋಗಿ ಕೂತ್ಕೊಳ್ಳೇ, ಟ್ರೇ ನಾನು ನೋಡ್ಕೊತೀನಿ, ಹೋಗಲಿಲ್ಲ, ಅಷ್ಟು ದೊಡ್ಡದಾಗಿ ಇವರ ದನಿ ಸುತ್ತ ನಾಲ್ಕು ಗೋಡೆಯಿಂದ ಬಂದರೆ, ಆಮೇಲೆ ಮನೆಗೆ ಹೋಗಿ ಚೊಂಬಿನ ಸದ್ದು ಹೇಗೆ ಕೇಳಲಿ — ಹಾಗಾಗಿ ಸುಳ್ಳು ಹೇಳತೊಡಗಿದೆ, ಒಬ್ಬರು ಹೇಳ್ತಿದ್ರು ಕಣ್ರೀ, ಕಲ್ಲಿನವನ ದನಿ ಕೇಳಿದ್ರೆ ಮೈ ಜುಂ ಅನ್ನುತ್ತಂತೆ, ಮಾರನೆಯ ದಿನ ಇಬ್ಬರು ಅಂದರು, ಅದರ ಮಾರನೆಯ ದಿನ ಒಂದು ಕುಟುಂಬವೇ ಅಂದಿತು, ಒಂದು ಸಂಜೆ ಹುರುಪು ಹೆಚ್ಚಿ, ಅವನು ಆ ಮಾತು ಹೇಳುವಾಗ ಪಕ್ಕದಲ್ಲಿ ನಿಂತ ರಾಜಕುಮಾರಿ ಗೋಳೋ ಅಂತ ಅಳೋದು ನೋಡಿ ಎಲ್ಲರೂ ಅತ್ತರಂತೆ, ಎಂದುಬಿಟ್ಟೆ, ಇವರು ಭುಜ ಕುಣಿಸಿ ನಗತೊಡಗಿದರು, ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು, ಹತ್ತಿರ ಕರೆದು ಕಿವಿಯಲ್ಲಿ, ಆ ಹೊತ್ತಿಗೆ ರಾಜಕುಮಾರಿ ತೋಳದ ಬೆನ್ನ ಮೇಲೆ ಮೂರ್ಛೆ ಬಿದ್ದಿರ್ತಾಳೆ ಕಣೇ, ಎಂದರು. ಅಲ್ಲಿಗೆ ನನ್ನ ವಿಮರ್ಶೆ ಮುಗಿಯಿತು.

ನಗು ಮುಗಿದರೂ ಮಾತು ಮುಗಿದಿರಲಿಲ್ಲ, ಅದೇ ರೆಕಾರ್ಡಿಂಗಿನವನು ಫೋನಿನ ಮೇಲೆ ಫೋನು ಮಾಡುತ್ತಿದ್ದಾನೆ, ಅಕ್ಕಾ, ಅಣ್ಣ ಸುಮ್ಮನೆ ಬಂದು ಕೂತ್ಕೊಂಡ್ರೆ ಸಾಕು, ಹೊಸಬರಿಗೆ ಬಾಯಿ ಹೊಂದಿಸೋದು ಗೊತ್ತಿಲ್ಲ, ಕೈಸನ್ನೆಯಲ್ಲಿ ಹೇಳಿಕೊಡಲಿ, ನಾನು ಫೋನನ್ನು ಇವರ ಕಿವಿಗಿಡುತ್ತೇನೆ, ಇವರು ತಲೆ ಅಡ್ಡಡ್ಡ ಆಡಿಸುತ್ತಾರೆ, ಕಲ್ಲಿಗೆ ಉಸಿರು ಕೊಟ್ಟವನು ಇನ್ನೊಬ್ಬರಿಗೆ ಏನು ಹೇಳಿಕೊಡ್ತಾನೆ, ಎಂದು ಅರ್ಥ, ಒಂದು ಕುರ್ಚಿ, ಒಂದು ಕಿಟಕಿ, ಇಡೀ ದಿನ ಕಿಟಕಿಯಲ್ಲಿ ಹೋಗಿ ಬರುವವರ ಬಾಯಿ ನೋಡಿಕೊಂಡು ಕೂರುತ್ತಾರೆ, ಹೀಗೇ ಕೂತರೆ ಮನುಷ್ಯ ನಿಜವಾಗಿ ಕಲ್ಲಾಗುತ್ತಾನೆ, ಅದೇ ನನ್ನ ಹೆದರಿಕೆ, ದನಿ ಹೋದದ್ದಕ್ಕಿಂತ ಅದೇ — ಇವತ್ತು ಬೆಳಿಗ್ಗೆ ನಾನು ಊಟದ ಡಬ್ಬಿ ಕಟ್ಟುತ್ತಾ, ಇವತ್ತೇ ಕೊನೇ ದಿನ ಕಣ್ರೀ, ಸಂಜೆಯಿಂದ ಹಡಗಿನದು ಹಾಕ್ತಾರೆ, ಎಂದೆ, ಸುಮ್ಮನೆ ಅಂದದ್ದು, ಮಧ್ಯಾಹ್ನದ ಆಟಕ್ಕೆ ಕನ್ನಡಕ ಹಂಚುತ್ತಾ ನಿಂತಿದ್ದೇನೆ, ಒಂದು ಕೈ ಚಾಚಿತು, ತೋಳಿನ ಗುಂಡಿ ತಪ್ಪಾಗಿ ಹಾಕಿದ್ದು, ಆ ಗುಂಡಿ ದಿನಾ ಸರಿ ಮಾಡುವವಳು ನಾನು, ತಲೆ ಎತ್ತಿದರೆ ಇವರು, ಕತ್ತಿಗೆ ಮಫ್ಲರು, ಕೈಯಲ್ಲಿ ಟಿಕೆಟ್ಟು, ಪರಿಚಯವೇ ಇಲ್ಲದವರ ಹಾಗೆ ಮುಖ, ನಾನೂ ಬಿಡಲಿಲ್ಲ, ಸಾರ್, ಕನ್ನಡಕ ವಾಪಸ್ ಕೊಡೋದು ಮರೀಬೇಡಿ, ಎಂದೆ, ಟ್ರೇಯಲ್ಲಿ ಹುಡುಕಿ ಒಂದೂ ಗೀರಿಲ್ಲದ್ದನ್ನು ಆರಿಸಿ, ಸೀರೆಯ ಸೆರಗಲ್ಲಿ ಇನ್ನೊಮ್ಮೆ ಒರೆಸಿ ಕೊಟ್ಟೆ, ಕೊಡುವಾಗ ನನ್ನ ಹೆಬ್ಬೆರಳು ಗಾಜಿಗೆ ತಾಗಿತೇನೋ, ಇವರ ಹಿಂದೆಯೇ ಬಂದರು ತಪ್ಪು ಮೇಷ್ಟ್ರು.

ಬೇರೆ ಯಾರಾದರೂ ಬರಬಹುದಿತ್ತು, ತಪ್ಪು ಮೇಷ್ಟ್ರು ಎಂದು ಹೆಸರಿಟ್ಟವಳು ಪಾಪ್‌ಕಾರ್ನಿನ ಅಕ್ಕ, ನಿವೃತ್ತ ಗಣಿತದ ಮೇಷ್ಟ್ರು, ಮಾಯಾಮಂತ್ರದ ಸಿನಿಮಾ ಒಂದನ್ನೂ ಬಿಡುವುದಿಲ್ಲ, ಒಂದನ್ನೂ ಒಪ್ಪುವುದಿಲ್ಲ, ಹೊರಗೆ ಬಂದು ನನಗೇ ಲೆಕ್ಕ ಒಪ್ಪಿಸುತ್ತಾರೆ, ಆ ಹದ್ದಿನ ರೆಕ್ಕೆ ಅಷ್ಟು ಚಿಕ್ಕದಿದ್ರೆ ಎರಡು ಜನ ಕೂತು ಹಾರೋಕಾಗಲ್ಲಮ್ಮ, ಆ ನದಿ ಒಂದು ಸಲ ಎಡಕ್ಕೆ ಹರಿಯುತ್ತೆ, ಇನ್ನೊಂದು ಸಲ ಬಲಕ್ಕೆ, ನಾನು, ಹೌದಾ ಸಾರ್, ಛೆ, ಎನ್ನುತ್ತೇನೆ, ಅವರಿಗೆ ಅಷ್ಟು ಸಾಕು, ಈ ಸಿನಿಮಾಕ್ಕೆ ಊರಲ್ಲಿಲ್ಲದೆ ತಪ್ಪಿಸಿಕೊಂಡಿದ್ದರು, ಕೊನೆಯ ಆಟಕ್ಕೆ ಹಾಜರು, ಇವರು ಹಿಂದಿನ ಸಾಲಿಗೆ ಹೋದರೆ ಅವರು ಸರಿಯಾಗಿ ಇವರ ಮುಂದಿನ ಸೀಟು, ಬಾಗಿಲ ಸಂದಿಯಲ್ಲಿ ನೋಡಿದೆ, ಆಟ ಶುರುವಾಯಿತು, ಬಾಗಿಲು ಮುಚ್ಚಿತು, ನಾನು ತೊಟ್ಟಿಯ ಹತ್ತಿರ ಕೂತೆ, ಕೈ ತೊಳೆಯುತ್ತಿದೆ, ಕಿವಿ ಗೋಡೆಯಲ್ಲಿದೆ, ಗೋಡೆಯಾಚೆಗೆ ತೋಳ ಊಳಿಟ್ಟಿತು, ಕೋಟೆ ಬಿತ್ತು, ತಮಟೆ, ಕುದುರೆ, ಮಳೆ, ಇದೆಲ್ಲ ನನಗೆ ಬಾಯಿಪಾಠ, ಇನ್ನೇನು ಬಂಡೆ ಬಿರುಕು ಬಿಡುವ ಸದ್ದು, ಅದಾದ ಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಎಸಿ ಒಮ್ಮೆ ಒಳಕ್ಕೆ ಎಳೆದುಕೊಳ್ಳುತ್ತದೆ, ಹೂಂ ಎಂದು, ದಿನಾ ಅದೇ ಜಾಗಕ್ಕೆ ಎಳೆದುಕೊಳ್ಳುತ್ತದೆ, ಬಾಗಿಲೇ ಒಳಗೆ ಸೆಳೆದಂತೆ, ಹಳೆಯ ಯಂತ್ರ, ಇವತ್ತೂ ಎಳೆದುಕೊಂಡಿತು, ಅದರ ಹಿಂದೆಯೇ ಗೋಡೆ ನಡುಗಿಸುತ್ತಾ ಇವರು, ದಾಟಿ ಹೋಗಿ, ನಾನು ಹಿಡ್ಕೊಂಡಿದ್ದೀನಿ — ಒದ್ದೆ ಕೈಯನ್ನು ಗೋಡೆಗೆ ಒತ್ತಿ ಹಿಡಿದೆ, ದನಿ ಅಂಗೈಗೆ ಬಂತು, ಆ ದನಿಯವರು ಅಲ್ಲೇ ಒಳಗೆ ಮಫ್ಲರು ಸುತ್ತಿಕೊಂಡು ಕೂತಿದ್ದಾರೆ.

ಬಾಗಿಲು ತೆರೆದಾಗ ಮೊದಲು ಬಂದದ್ದು ಮೇಷ್ಟ್ರು, ಇವರು ಅವರ ಬೆನ್ನಿಗೇ, ನಡುವೆ ಒಬ್ಬರಿಗೂ ಜಾಗವಿಲ್ಲ, ನೋಡಮ್ಮ, ಮೇಷ್ಟ್ರು ಟ್ರೇಯ ಮುಂದೆ ನಿಂತೇ ಬಿಟ್ಟರು, ಉಳಿದದ್ದೆಲ್ಲ ಬಿಡು, ಸಾವಿರ ತಪ್ಪಿದೆ, ಅವನು ಕಲ್ಲು ತಾನೆ, ಕಲ್ಲಿಗೆ ಶ್ವಾಸಕೋಶ ಎಲ್ಲಿಂದ ಬಂತು, ಕೊನೇ ಮಾತಿಗೆ ಮುಂಚೆ ಉಸಿರು ಎಳ್ಕೊತಾನಲ್ಲ, ಸ್ಪಷ್ಟವಾಗಿ ಕೇಳ್ತು, ದೊಡ್ಡ ತಪ್ಪು — ಹೌದಾ ಸಾರ್, ಎಂದೆ, ಛೆ ಎನ್ನಲು ಬಾಯಿ ಬರಲಿಲ್ಲ, ಅವರ ಹೆಗಲಿನಾಚೆ ಇವರ ಮುಖ, ನೋಡಲಾರೆ, ಇಷ್ಟು ದಿನ ಯಾರ ಬಾಯಲ್ಲೂ ಬಾರದ ಮಾತು ಇವತ್ತೇ, ಇವರ ಎದುರಿಗೇ, ಮೇಷ್ಟ್ರು ಕನ್ನಡಕ ಟ್ರೇಗೆ ಹಾಕಿದರು, ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು, ನೆಗಡಿ, ಎಂದು ನನಗೆ ಹೇಳಿ ಮೆಟ್ಟಿಲಿಳಿದರು, ಉಳಿದ ಜನ ಬಂದರು, ತೋಳ ಸೂಪರ್, ಶಾಲು, ಎರಡನೇ ಭಾಗ, ಎಲ್ಲ ಹಾದು ಹೋದರು, ಇವರು ಗೋಡೆಗೆ ಒರಗಿ ನಿಂತಿದ್ದರು, ಭುಜ ಕುಣಿಯುತ್ತಿತ್ತು, ಅಳುತ್ತಿದ್ದಾರೆಂದು ಓಡಿ ಹೋದೆ, ನಗುತ್ತಿದ್ದರು, ಏನ್ರೀ, ಅಷ್ಟು ಬೈದು ಹೋದ್ರಲ್ಲ, ಎಂದೆ, ಇವರು ನನ್ನ ಕಿವಿಗೆ ಬಾಯಿ ತಂದರು, ಬೈದವರೂ ಎಳ್ಕೊಂಡ್ರು ಕಣೇ, ಏನನ್ನ, ಉಸಿರನ್ನ, ನಾನು ಎಳ್ಕೊಂಡೆ, ಪರದೆಯಲ್ಲಿ, ಮೇಷ್ಟ್ರ ಭುಜ ಮೇಲೆ ಹೋಯ್ತು, ಅವರ ಪಕ್ಕದವಳದ್ದು ಹೋಯ್ತು, ಆ ಸಾಲೇ ಹೋಯ್ತು, ಇಡೀ ಥಿಯೇಟರು ನನ್ನ ಜೊತೆ ಉಸಿರು ಎಳ್ಕೊಂಡು ಹಿಡ್ಕೊಳ್ತು, ಅವರಿಗ್ಯಾರಿಗೂ ಗೊತ್ತೇ ಆಗಿಲ್ಲ — ಎಸಿ, ಎಂದೆ ನಾನು, ಎಂಥ ಎಸಿ, ಎಂದರು, ದಿನಾ ಆ ಜಾಗಕ್ಕೆ ಎಸಿ ಎಳ್ಕೊಳ್ಳುತ್ತೆ ಅಂದ್ಕೊಂಡಿದ್ದೆ, ಪ್ರತೀ ಆಟಕ್ಕೂ, ಗೋಡೆ ಈಚೆಗೆ ಕೇಳ್ತಿತ್ತು, ಎಂದೆ, ನಾನೂ ಪಿಸುದನಿಯಲ್ಲೇ, ದಿನಾನಾ, ದಿನಾ ಕಣ್ರೀ, ಇವರು ಮಫ್ಲರು ಸರಿಮಾಡಿಕೊಂಡು, ನಾಳೆ ಆ ರೆಕಾರ್ಡಿಂಗಿನವನಿಗೆ ಫೋನ್ ಮಾಡು, ಬರ್ತಾರೆ ಅನ್ನು, ಉಸಿರು ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಅಂತ ಅವನಿಗೇ ಮೊದಲ ಪಾಠ, ಎಂದರು, ಒಟ್ಟಿಗೆ ಇಷ್ಟೊಂದು ಮಾತು ಆಪರೇಷನ್ ಆದ ಮೇಲೆ ಇದೇ ಮೊದಲು, ನನಗೆ ಅಳು ಬರುವುದರಲ್ಲಿತ್ತು, ಅದನ್ನು ಮುಚ್ಚಲು ಜಗಳ ತೆಗೆದೆ, ಅಷ್ಟು ಕತ್ತಲಲ್ಲಿ, ಆ ಕಪ್ಪು ಕನ್ನಡಕ ಹಾಕ್ಕೊಂಡು, ಯಾರ ಭುಜ ಎಲ್ಲಿಗೆ ಹೋಯ್ತು ಅಂತ ಹೇಗೆ ಕಾಣಿಸ್ತು ನಿಮಗೆ, ನನ್ನ ಸುಳ್ಳು ನನಗೇ ವಾಪಸ್ ಹೇಳ್ತಿದ್ದೀರಾ, ಎಂದೆ, ಹಾಕ್ಕೊಂಡವರ್ಯಾರು, ಎಂದರು, ಜನಾನ ನೋಡೋಕೆ ಹೋದವನಿಗೆ ಕನ್ನಡಕ ಯಾಕೆ, ನಂಬಲ್ಲ, ಎಂದೆ, ನಂಬಬೇಡ, ಎಂದರು, ಜೇಬಿನಿಂದ ಕನ್ನಡಕ ತೆಗೆದು, ಬಾಯಿಯ ಹತ್ತಿರ ತಂದು, ಸದ್ದಿಲ್ಲದೆ ಹಾ ಎಂದು ಉಸಿರು ಬಿಟ್ಟು ನನ್ನ ಕಣ್ಣ ಮುಂದೆ ಹಿಡಿದರು, ಗಾಜಿನ ಮೇಲೆ ಹಬೆ ಕೂತಿತು, ರೆಪ್ಪೆಯ ಗೀರಿಲ್ಲ, ಮೂಗಿನ ಎಣ್ಣೆಯಿಲ್ಲ, ಬೆಳ್ಳಗೆ ತುಂಬಿದ ಹಬೆ, ಅದರ ನಡುವೆ ಒಂದೇ ಒಂದು ಹೆಬ್ಬೆರಳು, ನನ್ನದು, ಗೆರೆ ಗೆರೆ ಸಮೇತ, ಹಬೆ ಅಂಚಿನಿಂದ ಒಳಗೆ ಕುಗ್ಗುತ್ತಿದೆ, ನಾನು ಒರೆಸುವುದಿಲ್ಲ, ಹಬೆ ಕುಗ್ಗುತ್ತಿದೆ, ನನ್ನ ಬೆರಳಿನ ಸುತ್ತ ಇವರ ಉಸಿರು